ಗೊಬ್ಬರದ ಬುಟ್ಟಿಗೆ ಒರಗಿದ ಹೂಗಳು

ಸಿಂಗಪುರಕ್ಕೆ ಹೋದ ನಮ್ಮವರು ಸೆಂತೋಸಾ ನೋಡುತ್ತಾರೆ, ಮುಸ್ತಫಾದಲ್ಲಿ ಚಾಕಲೇಟು ಕೊಳ್ಳುತ್ತಾರೆ, ಲಿಟ್ಲ್ ಇಂಡಿಯಾದಲ್ಲಿ ದೋಸೆ ತಿಂದು ವಿಮಾನ ಹತ್ತುತ್ತಾರೆ. ನನ್ನ ಪಟ್ಟಿಯೂ ಹೆಚ್ಚುಕಡಿಮೆ ಅದೇ. ಮಧ್ಯಾಹ್ನದ ಮಳೆ ಮುಖಕ್ಕೆ ರಾಚಿದ್ದರಿಂದ ನ್ಯಾಷನಲ್ ಗ್ಯಾಲರಿ ಹೊಕ್ಕೆ. ಒಂದು ಕಾಲಕ್ಕೆ ಸುಪ್ರೀಂ ಕೋರ್ಟು, ಸಿಟಿ ಹಾಲು ಆಗಿದ್ದ ಎರಡು ಕಟ್ಟಡಗಳನ್ನು ಕೂಡಿಸಿ 2015ರಲ್ಲಿ ತೆರೆದ ಜಾಗ ಅದು. ಒಳಗೆ ಚೀನಾದ ವೂ ಗ್ವಾನ್‌ಝೊಂಗ್ ಹೆಸರಿನಲ್ಲೇ ಒಂದು ವಿಭಾಗವಿದೆ. 2008ರಲ್ಲಿ ಅವರು ತಮ್ಮ 113 ಚಿತ್ರಗಳನ್ನು ಸಿಂಗಪುರಕ್ಕೆ ದಾನವಾಗಿ ಕೊಟ್ಟಿದ್ದರು.

ವೂ ಅಂದರೆ ಕಣ್ಣ ಮುಂದೆ ಬರುವುದು ಗೊತ್ತಿದ್ದದ್ದೇ: ಬಿಳಿ ಗೋಡೆ, ಕಪ್ಪು ಹೆಂಚು, ನಿಂತ ನೀರು, ಎರಡು ಗೀಟಿನಲ್ಲಿ ಮುಗಿದ ಹಕ್ಕಿ. ಮಸಿಯ ಕೆಲಸ. ಚೆಂದವಾಗಿದೆ, ಆದರೆ ಕ್ಯಾಲೆಂಡರಿನಲ್ಲೂ ಚೆಂದವಾಗಿಯೇ ಇರುತ್ತದೆ ಎಂಬ ಗುಮಾನಿ ನನಗೆ ಮೊದಲಿನಿಂದ ಇತ್ತು. ಆ ಗುಮಾನಿಯನ್ನು ಅಲುಗಾಡಿಸಿದ್ದು ಪುಸ್ತಕದಂಗಡಿಯ ಮೇಜಿನ ಮೇಲಿದ್ದ ಒಂದು ದಪ್ಪ ಚಿತ್ರಸಂಪುಟ. ಸುಮ್ಮನೆ ತಿರುವಿ ಹಾಕುತ್ತಿದ್ದವನು ಒಂದು ಪುಟದಲ್ಲಿ ತಡೆದು ನಿಂತೆ. ತೈಲವರ್ಣ, 1972. ಚಿತ್ರದ ಹೆಸರು ‘ಜೋಳ ಮತ್ತು ಹತ್ತಿ’.

ರಾಯಚೂರು, ಧಾರವಾಡದ ಕಡೆಯವರಿಗೆ ವಿವರಿಸಬೇಕಿಲ್ಲ. ಎದ್ದು ನಿಂತ ಜೋಳದ ತೆನೆ, ತೊನೆಯುವ ಅಗಲ ಗರಿ, ಬುಡದಲ್ಲಿ ಬಿರಿದ ಹತ್ತಿಯ ಬಿಳುಪು. ಗಾಜಿನ ಹೂದಾನಿ ಇಲ್ಲ, ಮೇಜುಬಟ್ಟೆ ಇಲ್ಲ, ಪಕ್ಕದಲ್ಲಿ ಸೇಬುಹಣ್ಣೂ ಇಲ್ಲ. ಹೂವಿನ ಚಿತ್ರಕ್ಕೆ ಕೊಡುವಷ್ಟೇ ಮರ್ಯಾದೆಯನ್ನು ಬೆಳೆಗೂ ಕೊಟ್ಟಿದ್ದಾರೆ. ಬಣ್ಣವನ್ನು ಮಣ್ಣು ಮೆತ್ತಿದಂತೆ ದಪ್ಪಗೆ ಮೆತ್ತಿ, ಆಮೇಲೆ ಗರಿಯ ಅಂಚನ್ನು ಒಂದೇ ಎಳೆತದಲ್ಲಿ ಎಳೆದಿದ್ದಾರೆ. ಅದೇ ವರ್ಷದ ಕಾಡುಸೇವಂತಿಯ ಚಿತ್ರವಿದೆ, ಕಾಯಿಬಳ್ಳಿಯ ಚಿತ್ರವೂ ಇದೆ. ಎಲ್ಲದರಲ್ಲೂ ಗಿಡ ನೆಲದಲ್ಲೇ ಇದೆ, ಯಾರೂ ಕಿತ್ತಿಲ್ಲ.

ಇವನ್ನು ಬರೆದದ್ದು ಯಾವುದರ ಮೇಲೆ ಅನ್ನುವುದೇ ನನ್ನನ್ನು ಇನ್ನೂ ಬಿಡದ ವಿಷಯ. ಕ್ಯಾನ್ವಾಸಿನ ಮೇಲಲ್ಲ. ಅವರನ್ನು ಹೊಲದ ಕೆಲಸಕ್ಕೆ ಕಳಿಸಿದ್ದ ಹೆಬೈ ಪ್ರಾಂತ್ಯದ ಲೀ ಹಳ್ಳಿಯ ಅಂಗಡಿಯಲ್ಲಿ ಮಾವೋ ಸೂಕ್ತಿಗಳನ್ನು ಬರೆದು ತೂಗುಹಾಕಲು ಮಾರುತ್ತಿದ್ದ ಅಗ್ಗದ, ಹಗುರ ಕರಿಹಲಗೆಗಳ ಮೇಲೆ. ಹಲಗೆಗೆ ಅಂಟು ಬಳಿದರೆ ಬಣ್ಣ ಹಿಡಿಯುತ್ತದೆ. ಇನ್ನು ಹಲಗೆಯನ್ನು ನಿಲ್ಲಿಸಲು ಈಸೆಲ್ ಬೇಕಲ್ಲ? ಅದಕ್ಕೆ ಸಿಕ್ಕಿದ್ದು ತಾವು ಉಳಿದಿದ್ದ ಮನೆಯೊಡೆಯನ ಗೊಬ್ಬರದ ಬುಟ್ಟಿ.

ನಮ್ಮ ಮಂಕರಿಯನ್ನು ನೆನೆದರೆ ಈ ಬುಟ್ಟಿ ಅರ್ಥವಾಗುವುದಿಲ್ಲ. ಮಂಕರಿಯನ್ನು ತಲೆಯ ಮೇಲೆ ಹೊರುತ್ತೇವೆ, ಅದಕ್ಕೆ ಹಿಡಿ ಇರುವುದಿಲ್ಲ. ಉತ್ತರ ಚೀನಾದ ರೈತ ದಾರಿಯಲ್ಲಿ ಬಿದ್ದ ಲದ್ದಿ ಆಯಲು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ ಬುಟ್ಟಿಗೆ ಎತ್ತರದ ಹಿಡಿ ಇರುತ್ತಿತ್ತು. ಹಲಗೆಯನ್ನು ಆ ಹಿಡಿಗೆ ಒರಗಿಸಿ, ಬಣ್ಣದ ಟ್ಯೂಬುಗಳನ್ನು ಬುಟ್ಟಿಯೊಳಗೆ ಸುರಿದರೆ ಕೆಲಸಕ್ಕೆ ಸಿದ್ಧ. ಟ್ಯೂಬುಗಳ ಭಾರಕ್ಕೆ ಗಾಳಿ ಬಂದರೂ ಬುಟ್ಟಿ ಉರುಳುವುದಿಲ್ಲ. ಹೊತ್ತು ಮುಳುಗಿದರೆ ಎಲ್ಲವನ್ನೂ ಹೆಗಲಿಗೇರಿಸಿ ಮನೆಗೆ ನಡೆಯಬಹುದು. ಜೊತೆಗಿದ್ದ ವಿದ್ಯಾರ್ಥಿಗಳು ಇದನ್ನೇ ಅನುಸರಿಸಿದರು, ನಗೆಯಾಡುತ್ತ ತಮ್ಮನ್ನು ‘ಗೊಬ್ಬರದ ಬುಟ್ಟಿ ಪಂಥ’ ಎಂದು ಕರೆದುಕೊಂಡರು.

ಬುಟ್ಟಿಯ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸ್ಟುಡಿಯೋದ ಈಸೆಲ್ ನಿಂತವನ ಎದೆಯ ಎತ್ತರಕ್ಕೆ ಬರುತ್ತದೆ. ಬುಟ್ಟಿ ಬರುವುದಿಲ್ಲ. ಅದರ ಮುಂದೆ ನೆಲಕ್ಕೆ ಕೂರಬೇಕು. ಕುಕ್ಕರಗಾಲಲ್ಲಿ ಕೂತವನ ಕಣ್ಣು ಕಾಯಿಬಳ್ಳಿಯ ಮಟ್ಟಕ್ಕೆ ಇಳಿಯುತ್ತದೆ, ಜೋಳ ತಲೆಯ ಮೇಲೆ ಹಾದು ಆಕಾಶಕ್ಕೆ ತಾಗುತ್ತದೆ. 1972ರ ಚಿತ್ರಗಳಲ್ಲಿ ಗಿಡಗಳು ಅಷ್ಟು ಗಂಭೀರವಾಗಿ, ಮನುಷ್ಯರ ಭಾವಚಿತ್ರದಂತೆ ಎದ್ದು ನಿಂತಿರುವುದಕ್ಕೆ ಪ್ಯಾರಿಸ್ಸಿನ ವಿದ್ಯೆಗಿಂತ ಈ ಗಿಡ್ಡ ಬುಟ್ಟಿಯೇ ಹೆಚ್ಚು ಕಾರಣ ಎಂದು ನನ್ನ ಊಹೆ. ಕಲಾವಿಮರ್ಶಕರು ಒಪ್ಪಲಿಕ್ಕಿಲ್ಲ, ಇರಲಿ.

ಪ್ಯಾರಿಸ್ಸಿನ ವಿದ್ಯೆ ಇದ್ದದ್ದಂತೂ ನಿಜ. 1919ರಲ್ಲಿ ಜಿಯಾಂಗ್ಸು ಪ್ರಾಂತ್ಯದ ಯೀಶಿಂಗ್‌ನಲ್ಲಿ ಹುಟ್ಟಿದ ವೂ ಮೊದಲು ಓದಲು ಹೊರಟದ್ದು ಎಂಜಿನಿಯರಿಂಗ್. ಗೆಳೆಯನ ಜೊತೆ ಹಾಂಗ್‌ಝೌ ಕಲಾಶಾಲೆ ನೋಡಿ ಬಂದವರಿಗೆ ಎಂಜಿನಿಯರಿಂಗ್ ಸಪ್ಪೆಯಾಯಿತು. 1936ರಲ್ಲಿ ಅಲ್ಲಿಗೇ ಸೇರಿದರು. ಲಿನ್ ಫೆಂಗ್‌ಮಿಯೆನ್, ಪಾನ್ ತಿಯಾನ್‌ಶೌ ಅಂಥ ಗುರುಗಳು. ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಪ್ಯಾರಿಸ್ಸಿಗೆ ಹೋದರು, 1950ರಲ್ಲಿ ಹೊಸ ಚೀನಾ ಕಟ್ಟುವ ಹುರುಪಿನಲ್ಲಿ ವಾಪಸಾದರು. ಬೀಜಿಂಗ್‌ನಲ್ಲಿ ಪಾಠ ಮಾಡತೊಡಗಿದರೆ, ಇವನದ್ದು ಬರೀ ರೂಪದ ವ್ಯಾಮೋಹ ಎಂಬ ಆರೋಪ ಬಂತು. ರೈತ, ಕಾರ್ಮಿಕ, ಸೈನಿಕರನ್ನು ಬರೆದರೆ ಅವರನ್ನು ಕುರೂಪಗೊಳಿಸಿದೆ ಎಂದರು. ಮನುಷ್ಯರ ಸಹವಾಸವೇ ಬೇಡವೆಂದು ಅವರು ಬೆಟ್ಟ, ಮರ, ಊರುಗಳ ಕಡೆ ತಿರುಗಿದ್ದು ಆಗ. ಅವರ ಭೂದೃಶ್ಯಗಳನ್ನು ಪ್ರಕೃತಿಪ್ರೇಮವೆಂದು ಹೊಗಳುವವರು ಈ ಭಯವನ್ನು ಜಾಣತನದಿಂದ ಮರೆಯುತ್ತಾರೆ.

1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ರೆಡ್ ಗಾರ್ಡ್‌ಗಳು ಬರುವ ಮೊದಲೇ ತಮ್ಮ ನಗ್ನಚಿತ್ರಗಳನ್ನು ತಾವೇ ನಾಶ ಮಾಡಿದರು. 1970ರಲ್ಲಿ ಕಾಲೇಜಿನವರ ಜೊತೆ ಲೀ ಹಳ್ಳಿಗೆ, ಹೊಲದ ಕೆಲಸಕ್ಕೆ. ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಕುಂಚ ಮುಟ್ಟಲು ಮೊದಮೊದಲು ಅಪ್ಪಣೆ ಇರಲಿಲ್ಲ, ಆಮೇಲೆ ರಜಾದಿನದಲ್ಲಿ ಮಾತ್ರ ಅಂತಾಯಿತು. ಹಾಗಾಗಿ ವಾರವಿಡೀ ದುಡಿಯುತ್ತಲೇ ಯಾವ ಬದುವಿನಲ್ಲಿ ಏನು ಬಿರಿದಿದೆ ಎಂದು ಕಣ್ಣಲ್ಲೇ ಗುರುತು ಹಾಕಿಕೊಂಡು, ಭಾನುವಾರ ಬುಟ್ಟಿ ಹೊತ್ತು ಹೋಗುತ್ತಿದ್ದರು. ಆಗ ಅವರಿಗೆ ಯಕೃತ್ತಿನ ಉರಿಯೂತ, ಅಂದರೆ ಹೆಪಟೈಟಿಸ್, ಬೇರೆ ಕಾಡುತ್ತಿತ್ತು. ಕಷ್ಟವೇ ಕಲೆಯನ್ನು ಹೆರುತ್ತದೆ ಎಂದು ಇಂಥ ಕಡೆ ಬರೆಯುವ ರೂಢಿ ಇದೆ. ನಾನು ಬರೆಯಲಾರೆ. ಕಳೆದುಹೋದ ವರ್ಷಗಳ ಚಿತ್ರಗಳ ಲೆಕ್ಕ ಕೊಡುವವರು ಯಾರು?

ಹಳ್ಳಿಯ ಜನ ಸುತ್ತ ನಿಂತು ನೋಡುತ್ತಿದ್ದದ್ದನ್ನು ವೂ ಮುಂದೆ ಬರೆದುಕೊಂಡಿದ್ದಾರೆ. ಚಿತ್ರ ಕೆಟ್ಟಾಗಲೂ ಅವರು ಥೇಟ್ ಹಾಗೇ ಇದೆ ಎಂದು ಮೆಚ್ಚುತ್ತಿದ್ದರಂತೆ. ಇದನ್ನು ಕೇಳಿದರೆ ವೂಗೆ ಈ ಜನರಿಗೆ ತಾನು ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ವೂಗೇ ತೃಪ್ತಿಯಾದ ದಿನ ಮಾತ್ರ ಹಳ್ಳಿಯವರ ಬಾಯಲ್ಲಿ ಚೆಂದ ಅನ್ನುವ ಉದ್ಗಾರ ಬರುತ್ತಿತ್ತು. ಓದುಬರಹ ಬಾರದವರಿಗೂ ಹೋಲಿಕೆ ಬೇರೆ, ಚೆಲುವು ಬೇರೆ ಎಂಬುದು ಗೊತ್ತು ಎಂದು ವೂಗೆ ಖಾತ್ರಿಯಾಯಿತು. 1979ರಲ್ಲಿ ಚಿತ್ರಕಲೆಯ ರೂಪಸೌಂದರ್ಯದ ಪರವಾಗಿ ಲೇಖನ ಬರೆದು ಚೀನಾದ ಕಲಾವಲಯದಲ್ಲಿ ಗದ್ದಲ ಎಬ್ಬಿಸಿದರಲ್ಲ, ಅದರ ಬೇರು ಹೆಬೈಯ ಹೊಲದಲ್ಲೂ ಇದೆ. ಚಿತ್ರ ಎಷ್ಟೇ ಅಮೂರ್ತವಾದರೂ ಗಾಳಿಪಟದ ದಾರ ನೆಲದಿಂದ ಕಡಿಯಬಾರದು ಎಂಬ ಅವರ ವಾದಕ್ಕೂ ಅಷ್ಟೆ.

ಎಪ್ಪತ್ತರ ದಶಕದ ನಡುವಿನಿಂದ ಅವರು ಮಸಿಗೂ ಕೈಹಾಕಿದರು. ಒಣಗದ ತೈಲಚಿತ್ರ ಹೊತ್ತು ಊರೂರು ಅಲೆಯುವುದು ಪಡಿಪಾಟಲು. ರೈಲಿನಲ್ಲಿ ಚಿತ್ರಗಳನ್ನು ಸೀಟಿನ ಮೇಲೆ ಕೂರಿಸಿ, ತಾವು ನಿಂತೇ ಬಂದು ಕಾಲು ಊದಿಸಿಕೊಂಡ ಕಥೆ ಅವರ ಅಭಿಮಾನಿಗಳಿಗೆಲ್ಲ ಬಾಯಿಪಾಠ. ಮಸಿಯಿಂದಲೇ ಜಗತ್ತು ಅವರನ್ನು ಗುರುತಿಸಿತು. 1992ರಲ್ಲಿ ಬದುಕಿರುವ ಚೀನೀ ಕಲಾವಿದನೊಬ್ಬನ ಪ್ರದರ್ಶನವನ್ನು ಬ್ರಿಟಿಷ್ ಮ್ಯೂಸಿಯಂ ಮೊದಲ ಬಾರಿಗೆ ಏರ್ಪಡಿಸಿದ್ದು ಇವರದ್ದೇ. ತೈಲವನ್ನು ಅವರು ಬಿಡಲಿಲ್ಲ. 1997ರ ‘ಝೌಝುವಾಂಗ್’ ಎಂಬ ನೀರೂರಿನ ದೊಡ್ಡ ತೈಲಚಿತ್ರ 2016ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ 23.6 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ನೋಡಿದೆ, ಪುಸ್ತಕದಲ್ಲಿ. ಎಲ್ಲವೂ ಅಚ್ಚುಕಟ್ಟು. ಅಷ್ಟು ಅಚ್ಚುಕಟ್ಟೇ ನನಗೆ ರುಚಿಸಲಿಲ್ಲ. ಜೋಳದ ಗರಿಯಲ್ಲಿದ್ದ ಆತುರ, ಬೆಳಕು ಹೋಗುವುದರೊಳಗೆ ಮುಗಿಸಬೇಕೆಂಬ ತಹತಹ ಅಲ್ಲಿಲ್ಲ.

2010ರಲ್ಲಿ ತೀರಿಕೊಂಡ ವೂ ತಮ್ಮ ಕೆಲಸದ ಬಗ್ಗೆ ನಮಗಿಂತ ನಿರ್ದಯಿ. 1991ರಲ್ಲಿ ಮನೆಯಲ್ಲಿದ್ದ ರಾಶಿಯನ್ನು ಜಾಲಾಡಿ, ಮನಸ್ಸಿಗೆ ಒಪ್ಪದ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಹರಿದು ಸುಟ್ಟುಹಾಕಿದರು. ಅವುಗಳ ಬೆಲೆ ಎಷ್ಟಿತ್ತೆಂದು ಆಗಲೇ ಅವರಿಗೆ ಗೊತ್ತಿತ್ತು. ಅಂಗಡಿಯ ಕರಿಹಲಗೆಯ ಮೇಲೆ ಬರೆದ ಜೋಳ, ಹತ್ತಿ, ಕಾಯಿಬಳ್ಳಿ, ಕಾಡುಸೇವಂತಿಗಳನ್ನು ಅವರು ಬೆಂಕಿಗೆ ಹಾಕಲಿಲ್ಲ.