ಭೂ ಬಳಕೆ ಬದಲಾವಣೆ (ಕರ್ನಾಟಕ)

ಮಾಸ್ಟರ್ ಪ್ಲಾನ್ ಎಂದೇ ರೂಢಿಯಲ್ಲಿರುವ ಮಹಾಯೋಜನೆಯು ಒಂದು ಜಮೀನಿಗೆ ಗೊತ್ತುಪಡಿಸಿದ ಉದ್ದೇಶವನ್ನು ಬಿಟ್ಟು, ಬೇರೆ ಉದ್ದೇಶಕ್ಕೆ ಅದನ್ನು ಬಳಸಲು ಪಡೆಯುವ ಅನುಮತಿಯನ್ನು ಭೂ ಬಳಕೆ ಬದಲಾವಣೆ ಎನ್ನುತ್ತಾರೆ. ಕರ್ನಾಟಕದಲ್ಲಿ ಇದನ್ನು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಪ್ರಕರಣವು ನಿಯಂತ್ರಿಸುತ್ತದೆ. ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸುವ ಭೂ ಪರಿವರ್ತನೆಯು ಇದಕ್ಕಿಂತ ಭಿನ್ನವಾದುದು. ಅದು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಪ್ರಕರಣಕ್ಕೆ ಸೇರಿದ್ದು. ಜನಸಾಮಾನ್ಯರ ಮಾತಿನಲ್ಲಿ ಇವೆರಡೂ ಬೆರೆತುಹೋಗಿರುವುದರಿಂದ ಅನೇಕ ಅರ್ಜಿದಾರರು ಒಂದು ಆದೇಶ ಕೈಸೇರಿದೊಡನೆ ಎಲ್ಲವೂ ಮುಗಿಯಿತೆಂದು ಭಾವಿಸುತ್ತಾರೆ.

ಹಿನ್ನೆಲೆ

ನಗರವನ್ನು ವಾಸ, ವಾಣಿಜ್ಯ, ಕೈಗಾರಿಕೆ ಮುಂತಾದ ವಲಯಗಳಾಗಿ ವಿಂಗಡಿಸುವ ಪದ್ಧತಿಗೆ ನ್ಯೂಯಾರ್ಕ್ ನಗರದ 1916ರ ವಲಯ ನಿಯಮಾವಳಿಯು ಪ್ರಸಿದ್ಧ ಮಾದರಿಯಾಯಿತು. ಎಲ್ಲರಿಗೂ ಒಂದೇ ನಿಯಮ ವಿಧಿಸಿದಾಗ ಕೆಲವರಿಗೆ ಅಕಾರಣ ಪೆಟ್ಟು ಬೀಳುವುದುಂಟು. ಅಂಥವರಿಗೆ ವಿನಾಯಿತಿ ನೀಡಲು ಅಮೆರಿಕದ ಕಾನೂನು 'ಅನಗತ್ಯ ಸಂಕಷ್ಟ' ಎಂಬ ಅಳತೆಗೋಲನ್ನು ಬಳಸಿತು. ನ್ಯೂಯಾರ್ಕ್ ರಾಜ್ಯದ ಉಚ್ಚತಮ ನ್ಯಾಯಾಲಯವು 1939ರ ಒಟ್ಟೋ ವಿರುದ್ಧ ಸ್ಟೈನ್‌ಹಿಲ್ಬರ್ ಪ್ರಕರಣದಲ್ಲಿ ಇದಕ್ಕೆ ಮೂರು ಪರೀಕ್ಷೆಗಳನ್ನು ಹೇಳಿತು. ಅನುಮತಿಸಿದ ಬಳಕೆಯಿಂದ ಆ ಜಮೀನು ತಕ್ಕ ಆದಾಯ ಕೊಡಲಾರದು ಎಂಬುದನ್ನು ತೋರಿಸಬೇಕು. ತೊಂದರೆಯು ಇಡೀ ಬಡಾವಣೆಯದಾಗಿರದೆ ಆ ಜಮೀನಿನ ವಿಶೇಷ ಸ್ಥಿತಿಯಿಂದ ಬಂದಿರಬೇಕು. ಕೇಳುತ್ತಿರುವ ಬಳಕೆಯು ಪ್ರದೇಶದ ಮೂಲ ಸ್ವರೂಪವನ್ನು ಕೆಡಿಸಬಾರದು. ತಾನೇ ತಂದುಕೊಂಡ ತೊಂದರೆಗೆ ಈ ರಿಯಾಯಿತಿ ದೊರೆಯುವುದು ಕಷ್ಟ. ಕಡಿಮೆ ಲಾಭ ಬರುತ್ತದೆ ಎಂಬುದು ಸಂಕಷ್ಟವೆನಿಸದು.

14ಎ ಪ್ರಕರಣ

ಕರ್ನಾಟಕದ ಕಾಯ್ದೆಯು ಬೇರೆ ದಾರಿ ಹಿಡಿದಿದೆ. 14ಎ ಪ್ರಕರಣದಲ್ಲಿ ಮಾಲೀಕನ ಸಂಕಷ್ಟ ಎಂಬ ಮಾತೇ ಇಲ್ಲ. ನಕ್ಷೆ ತಯಾರಿಕೆಯಲ್ಲಿ ಅಥವಾ ಭೂಲಕ್ಷಣವನ್ನು ಗುರುತಿಸುವುದರಲ್ಲಿ ಆದ ತಪ್ಪು, ಯೋಜನೆಯಲ್ಲಿ ವಿವರಗಳು ಬಿಟ್ಟುಹೋಗಿರುವುದು, ಯೋಜನೆಯನ್ನು ಜಾರಿಗೆ ತರುವಾಗ ಉಂಟಾದ ಸನ್ನಿವೇಶ ಇಂತಹ ಕಾರಣಗಳಿದ್ದಾಗ ಯೋಜನಾ ಪ್ರಾಧಿಕಾರವು ಸರ್ಕಾರದ ಪೂರ್ವಾನುಮೋದನೆ ಪಡೆದು ಬದಲಾವಣೆಗೆ ಅವಕಾಶ ಕೊಡಬಹುದು. ಬದಲಾವಣೆಯು ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು, ಬೇರಾವ ಕಾನೂನಿಗೂ ವಿರುದ್ಧವಾಗಿರಬಾರದು. ಪ್ರಸ್ತಾವವನ್ನು ಆ ಭಾಗದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆ ಸಲ್ಲಿಸಲು ಕನಿಷ್ಠ 15 ದಿನಗಳ ಕಾಲಾವಕಾಶ ನೀಡಬೇಕು.

ಆದ್ದರಿಂದ ಮಗಳ ಮದುವೆ, ಸಾಲ, ಇಳುವರಿ ಇಲ್ಲದ ಹೊಲ ಮುಂತಾದ ಕಾರಣಗಳು ಎಷ್ಟೇ ನಿಜವಾಗಿದ್ದರೂ ಅವುಗಳಿಂದಲೇ ಅರ್ಜಿ ನಿಲ್ಲುವುದಿಲ್ಲ. ಹಳೆಯ ಮನೆಗಳಿರುವ ಸರ್ವೆ ನಂಬರನ್ನು ನಕ್ಷೆಯಲ್ಲಿ ಉದ್ಯಾನವೆಂದು ಬಣ್ಣ ಹಾಕಿದ್ದರೆ, ಆ ತಪ್ಪನ್ನು ಪಹಣಿ, ಸರ್ವೆ ನಕ್ಷೆ ಮತ್ತು ಸುತ್ತಲಿನ ಬಳಕೆಯ ವಿವರಗಳಿಂದ ತೋರಿಸಿಕೊಡುವುದೇ ಬಲವಾದ ಆಧಾರ.

ಮಾಲೀಕನ ಕಷ್ಟಕ್ಕೆ ಕಾಯ್ದೆಯಲ್ಲಿ ಪರಿಹಾರ ಇಲ್ಲವೆಂದಲ್ಲ. ಅದು ಬೇರೆ ಕಡೆಯಲ್ಲಿದೆ. ಸಾರ್ವಜನಿಕ ಉದ್ದೇಶಕ್ಕೆಂದು ಯೋಜನೆಯಲ್ಲಿ ಗುರುತಿಸಿದ ಖಾಸಗಿ ಜಮೀನನ್ನು 5 ವರ್ಷಗಳೊಳಗೆ ಒಪ್ಪಂದದ ಮೂಲಕ ಪಡೆಯದೆ, ಸ್ವಾಧೀನದ ಕ್ರಮವನ್ನೂ ಆರಂಭಿಸದೆ ಬಿಟ್ಟರೆ ಆ ಗುರುತು ರದ್ದಾದಂತೆ ಎಂದು 69ನೇ ಪ್ರಕರಣ ಹೇಳುತ್ತದೆ. ಮಾರಲೂ ಆಗದೆ, ಕಟ್ಟಲೂ ಆಗದೆ ಕಾಯುವ ಕುಟುಂಬಗಳಿಗೆ ಇದು ಅತಿ ಮುಖ್ಯವಾದರೂ ಹೆಚ್ಚು ಪ್ರಚಾರ ಪಡೆಯದ ನಿಯಮ.

ಉದ್ಯಾನದ ಪ್ರಕರಣ

ಸಾರ್ವಜನಿಕ ಹಿತ ಎಂದರೇನೆಂಬ ಪ್ರಶ್ನೆಗೆ ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಪ್ರಕರಣದ ತೀರ್ಪನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ನಿವೇಶನವನ್ನು 1976ರಲ್ಲಿ ಖಾಸಗಿ ಟ್ರಸ್ಟ್‌ಗೆ ಆಸ್ಪತ್ರೆ ಕಟ್ಟಲು ನೀಡಲಾಯಿತು. ಬಡಾವಣೆಯ ನಿವಾಸಿಗಳು ಇದನ್ನು ಪ್ರಶ್ನಿಸಿದರು. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಲ್ಲಿ ಸೋತು ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಬಡಾವಣೆಯವರೆಲ್ಲರಿಗೂ ಸೇರಿದ ಬಯಲನ್ನು ಖಾಸಗಿ ಸಂಸ್ಥೆಗೆ ಕೊಡುವುದು, ಆಸ್ಪತ್ರೆ ಎಷ್ಟೇ ಒಳ್ಳೆಯದಾಗಿದ್ದರೂ, ಕಾನೂನುಬದ್ಧ ವಿವೇಚನೆಯಲ್ಲ ಎಂಬುದು ತೀರ್ಪಿನ ಸಾರ. ನೆರೆಹೊರೆಯವರಿಗೂ ನ್ಯಾಯಾಲಯಕ್ಕೆ ಹೋಗುವ ಹಕ್ಕಿದೆ ಎಂಬುದೂ ಇದರಿಂದ ಖಚಿತವಾಯಿತು.

ಗ್ರಾಮಾಂತರ ಪ್ರದೇಶ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ನರೋಣಾದಂತಹ ಊರುಗಳಲ್ಲಿ ಸಾಮಾನ್ಯವಾಗಿ ಎದುರಾಗುವುದು 95ನೇ ಪ್ರಕರಣ. ಉದಾಹರಣೆಗೆ, ರಸ್ತೆಗೆ ಹೊಂದಿದ ತೊಗರಿ ಹೊಲದ ತುಂಡೊಂದರಲ್ಲಿ ಗೋದಾಮು ಕಟ್ಟಬೇಕಾದವರು ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ಇಲ್ಲಿ ಕಷ್ಟವನ್ನು ರುಜುವಾತುಪಡಿಸುವ ಹೊರೆ ಇಲ್ಲ. ಪರಿವರ್ತನೆಯಿಂದ ಯಾವುದೇ ಕಾನೂನಿನ ಉದ್ದೇಶ ಭಂಗವಾಗುವಂತಿದ್ದರೆ, ಸಾರ್ವಜನಿಕರಿಗೆ ಉಪದ್ರವವಾಗುವಂತಿದ್ದರೆ, ಜನಹಿತಕ್ಕೆ ವಿರುದ್ಧವಾಗಿದ್ದರೆ ಅಥವಾ ಅರ್ಜಿದಾರರು ಷರತ್ತುಗಳಿಗೆ ಒಪ್ಪದಿದ್ದರೆ ಅರ್ಜಿಯನ್ನು ತಿರಸ್ಕರಿಸಬಹುದು. ಅನುಮತಿಯಿಲ್ಲದೆ ಬಳಸಿದರೆ 96ನೇ ಪ್ರಕರಣದಡಿ ದಂಡವಿದೆ. ಕಟ್ಟಡ ಕಟ್ಟಲು ಗ್ರಾಮ ಪಂಚಾಯಿತಿಯ ಪರವಾನಗಿಯನ್ನು ಪ್ರತ್ಯೇಕವಾಗಿ ಪಡೆಯಬೇಕು.

ಅಕ್ರಮ-ಸಕ್ರಮ

ಮೊದಲು ಕಟ್ಟಿ ಆಮೇಲೆ ಕ್ಷಮೆ ಕೇಳುವವರಿಗಾಗಿ 76ಎಫ್‌ಎಫ್ ಪ್ರಕರಣವನ್ನು ಸೇರಿಸಲಾಯಿತು. ವಾಸದ ಕಟ್ಟಡಗಳಲ್ಲಿ ಶೇ. 50ರವರೆಗೆ, ವಾಸೇತರ ಕಟ್ಟಡಗಳಲ್ಲಿ ಶೇ. 25ರವರೆಗಿನ ಉಲ್ಲಂಘನೆಯನ್ನು ಶುಲ್ಕ ಪಡೆದು ಸಕ್ರಮಗೊಳಿಸುವ ಯೋಜನೆಯಿದು. ಕರ್ನಾಟಕ ಉಚ್ಚ ನ್ಯಾಯಾಲಯವು 2016ರ ಡಿಸೆಂಬರ್‌ನಲ್ಲಿ ಇದನ್ನು ಎತ್ತಿಹಿಡಿಯಿತಾದರೂ, 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿತು.