ಶಿಶಿಲದ ದೇವರ ಮೀನುಗಳು

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ಶಿಶಿಲವೆಂಬ ಗ್ರಾಮವಿದೆ. ಘಟ್ಟದಿಂದಿಳಿದು ಕಡೆಗೆ ನೇತ್ರಾವತಿಯನ್ನು ಸೇರುವ ಕಪಿಲಾ ಹೊಳೆಯು ಇಲ್ಲಿನ ಶಿಶಿಲೇಶ್ವರ ದೇವಾಲಯದ ಬಳಿಯಲ್ಲೇ ಹರಿಯುತ್ತದೆ. ನೀರಿನಂಚಿಗೆ ಇಳಿದು ಒಂದು ಹಿಡಿ ಅಕ್ಕಿಯನ್ನು ಚೆಲ್ಲಿದೊಡನೆಯೇ ದೊಡ್ಡ ದೊಡ್ಡ ಮೀನುಗಳು ಹಿಂಡು ಹಿಂಡಾಗಿ ಮೇಲೇಳುತ್ತವೆ. ಮಹಶೀರ್ ಜಾತಿಯ ಇವು ಊರವರ ಪಾಲಿಗೆ ದೇವರ ಮೀನುಗಳು. ಇಲ್ಲಿ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ.

ತಿಳಿನೀರು, ಕಲ್ಲುಹರಳಿನ ತಳ, ಬತ್ತದ ಹರಿವು ಇವಿಲ್ಲದೆಡೆ ಮಹಶೀರ್ ಬಾಳದು. ಮಳೆಗಾಲದಲ್ಲಿ ಪ್ರವಾಹಕ್ಕೆದುರಾಗಿ ಈಜಿ, ಮೇಲಣ ತೊರೆಗಳಲ್ಲಿ ಮೊಟ್ಟೆಯಿಡುವುದು ಅದರ ಸ್ವಭಾವ. ಆದುದರಿಂದ ಮೀನನ್ನು ಕಾಯಬೇಕಾದವರು ಹೊಳೆಯನ್ನೂ ಕಾಯಲೇಬೇಕು.

1996ರಲ್ಲಿ ದುಷ್ಕರ್ಮಿಗಳು ಈ ನೀರಿಗೆ ವಿಷ ಬೆರೆಸಿದರು. ಮನುಷ್ಯನ ಕೈಯನ್ನು ನಂಬಿದ್ದ ಸಾವಿರಾರು ಮೀನುಗಳು ಸತ್ತು ತೇಲಿದವು. ಊರವರು ಕಣ್ಣೀರಿಟ್ಟರು, ಆದರೆ ಕೈಕಟ್ಟಿ ಕೂರಲಿಲ್ಲ. ಮತ್ಸ್ಯರಕ್ಷಣೆಗೆಂದೇ ಜನ ಒಗ್ಗೂಡಿದರು. ಸತ್ತ ಮೀನುಗಳ ನೆನಪಿಗಾಗಿ ಸ್ಮಾರಕವೊಂದು ಎದ್ದು ನಿಂತಿತು. ವರ್ಷಗಳುರುಳಿದಂತೆ ಮಡುವಿನಲ್ಲಿ ಮೀನುಗಳು ಮತ್ತೆ ತುಂಬಿಕೊಂಡವು.

ಧರ್ಮಸ್ಥಳಕ್ಕೆ ಬಂದ ಯಾತ್ರಿಕರು ಕೊಕ್ಕಡದ ಮಾರ್ಗವಾಗಿ ಶಿಶಿಲಕ್ಕೆ ಹೋಗಬಹುದು. ಮಳೆಗಾಲ ಕಳೆದ ಬಳಿಕ ನೀರು ತಿಳಿಯಾಗಿ ಮೀನುಗಳು ಚೆನ್ನಾಗಿ ಕಾಣುತ್ತವೆ. ಸಾಬೂನಿನ ನೊರೆಯಾಗಲಿ, ಪ್ಲಾಸ್ಟಿಕ್ ಚೀಲವಾಗಲಿ ಹೊಳೆಗೆ ಬೀಳದಂತೆ ನೋಡಿಕೊಳ್ಳುವುದು ಬಂದವರ ಕರ್ತವ್ಯ. ಮಕ್ಕಳಿಗೆ ಮೀನುಗಳನ್ನು ತೋರಿಸಿದ ಹಿರಿಯರು ಆ ಸ್ಮಾರಕವನ್ನೂ ತೋರಿಸಿ, ಅದರ ಕಥೆಯನ್ನು ಹೇಳಬೇಕು. ಅಂಗೈಯ ಅಕ್ಕಿಗೆ ಅಂಜದೆ ಬರುವ ಮೀನು, ಒಮ್ಮೆ ಮೋಸಹೋದ ಮೇಲೂ ಮನುಷ್ಯನನ್ನು ನಂಬಿಯೇ ಬರುತ್ತಿದೆ.