ಸಾರ್ವಜನಿಕ ಆರೋಗ್ಯ ಪೋಷಣೆ: ನಮ್ಮ ಮಕ್ಕಳು ಓದಬೇಕಾದ ಸ್ನಾತಕೋತ್ತರ ವಿಷಯ



ಡಿಗ್ರಿ ಫಲಿತಾಂಶ ಬಂದ ಮೇಲೆ ಕುಡಚಿ, ಉಗಾರ, ರಾಯಬಾಗ ಕಡೆಯ ಪಾಲಕರು ಅಂಗಡಿಗೆ ಬಂದಾಗ ಒಂದು ಮಾತು ಕೇಳುತ್ತಾರೆ. "ಮಗಳು ಬಿ.ಎಸ್ಸಿ. ಮುಗಿಸ್ಯಾಳ್ರಿ. ಮುಂದ ನ್ಯೂಟ್ರಿಷನ್ ಓದತೀನಿ ಅಂತಾಳ. ಊಟದ ವಿಷಯ ಕಲಿಯಾಕ ಎರಡು ವರ್ಷ ಯಾಕ ಬೇಕು?" ಪ್ರಶ್ನೆ ಸಹಜವಾದದ್ದು. ಉತ್ತರವನ್ನು ಸ್ವಲ್ಪ ವಿವರವಾಗಿ ಕೊಡುವುದು ಒಳ್ಳೆಯದು ಎನಿಸಿ ಇದನ್ನು ಬರೆಯುತ್ತಿದ್ದೇನೆ.

ಇದು ಯಾವ ವಿದ್ಯೆ?

ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಏನು ತಿನ್ನಬೇಕು, ಏನು ಬಿಡಬೇಕು ಎಂದು ಬರೆದುಕೊಡುವವರು ಡಯಟಿಷಿಯನ್. ಅವರ ಎದುರು ಒಬ್ಬ ರೋಗಿ ಇರುತ್ತಾನೆ. ಸಾರ್ವಜನಿಕ ಆರೋಗ್ಯ ಪೋಷಣೆ ಓದಿದವರ ಎದುರು ಇಡೀ ತಾಲೂಕು ಇರುತ್ತದೆ. ಯಾವ ಊರಿನಲ್ಲಿ ಎಷ್ಟು ಗರ್ಭಿಣಿಯರಿಗೆ ರಕ್ತ ಕಡಿಮೆ, ಏಕೆ ಕಡಿಮೆ, ಅಂಗನವಾಡಿಯ ಆಹಾರ ಮಗುವಿನ ಹೊಟ್ಟೆಗೆ ನಿಜವಾಗಿ ಹೋಗುತ್ತಿದೆಯೇ, ರೇಷನ್ ಅಕ್ಕಿಯಲ್ಲಿ ಏನು ಸೇರಿಸಿದರೆ ಲಾಭ ಎಂಬುದನ್ನು ಅಳೆದು, ಲೆಕ್ಕ ಹಾಕಿ ಹೇಳುವುದು ಅವರ ಕೆಲಸ. ಇದಕ್ಕಾಗಿ ಜೀವರಸಾಯನ ಶಾಸ್ತ್ರ, ಸಂಖ್ಯಾಶಾಸ್ತ್ರ, ರೋಗ ಹರಡುವ ಬಗೆಯ ಅಧ್ಯಯನ, ಆಹಾರ ಸಮೀಕ್ಷೆ, ಸರ್ಕಾರದ ಯೋಜನೆಗಳ ಮೌಲ್ಯಮಾಪನ ಇವನ್ನೆಲ್ಲ ಕಲಿಯಬೇಕು. ಎರಡು ವರ್ಷ ಹೆಚ್ಚೇನೂ ಅಲ್ಲ.

ಅವಶ್ಯಕತೆ ಎಷ್ಟಿದೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಕೃಷ್ಣಾ ನದಿಯ ನೀರು, ಕಬ್ಬು, ಹಾಲು ಇರುವ ನಮ್ಮ ಭಾಗದ ಮನೆಗಳೂ ಈ ರಾಜ್ಯದಲ್ಲೇ ಇವೆ. ಕಾಳು ಬೆಳೆಯುತ್ತಿದ್ದ ಹೊಲದಲ್ಲಿ ಕಬ್ಬು ಬಂತು. ಹಾಲು ಡೈರಿಗೆ ಹೋಗುತ್ತದೆ, ಮನೆಯವರಿಗೆ ಉಳಿಯುವುದು ಚಹಾಕ್ಕೆ ಬೇಕಾದಷ್ಟೇ. ದುಡ್ಡು ಬಂದ ಮಾತ್ರಕ್ಕೆ ತಾಟು ತುಂಬುವುದಿಲ್ಲ ಎಂಬುದಕ್ಕೆ ಇದೇ ಉದಾಹರಣೆ.

ನಮ್ಮ ಆಹಾರ ಪದ್ಧತಿಯ ಪ್ರಶ್ನೆಗಳು

ಬಿ12 ಜೀವಸತ್ವ ಕಾಳು, ಸೊಪ್ಪು, ಹಣ್ಣುಗಳಲ್ಲಿ ಸಿಗುವುದಿಲ್ಲ. ಶಾಕಾಹಾರಿಗಳಿಗೆ ಮುಖ್ಯ ಮೂಲ ಹಾಲು ಮತ್ತು ಮೊಸರು. ವಯಸ್ಕರಿಗೆ ದಿನಕ್ಕೆ ಎರಡು ಮೈಕ್ರೋಗ್ರಾಂನ ಆಸುಪಾಸು ಬೇಕು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಇರುತ್ತದೆ. ಚಹಾದಲ್ಲಿ ಬೀಳುವ ನಾಲ್ಕು ಚಮಚೆ ಹಾಲು ಯಾವ ಲೆಕ್ಕಕ್ಕೂ ಸಾಲದು. ಕೊರತೆಯಾದರೆ ಕೈಕಾಲು ಜುಮುಗುಡುವುದು, ಸುಸ್ತು, ಮರೆವು, ರಕ್ತಹೀನತೆ ಬರುತ್ತವೆ. ಇಂತಹ ಲಕ್ಷಣವಿದ್ದವರು ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಬೇಕು.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ ಅವರ ತಂಡ 1993ರಿಂದ ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಅವರ ಮಕ್ಕಳನ್ನೂ ಅಧ್ಯಯನ ಮಾಡುತ್ತ ಬಂದಿದೆ. ಗರ್ಭಿಣಿಯಾಗಿದ್ದಾಗ ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು ಹೆಚ್ಚಾಗಿ ಕಂಡಿತು. ಇದು ಮುಂದೆ ಸಕ್ಕರೆ ಕಾಯಿಲೆಗೆ ದಾರಿ.

ರಕ್ತ ಕಡಿಮೆ ಎಂದರೆ ಸಾಮಾನ್ಯವಾಗಿ ಸಿಗುವ ಸಲಹೆ ಬೀಟ್‌ರೂಟ್, ಗಜ್ಜರಿ, ಮೊಟ್ಟೆ. ಕಂದಮೂಲ ಬಿಟ್ಟ ಮನೆಯಲ್ಲಿ ಆ ಚೀಟಿ ಹಾಗೇ ಮಡಚಿ ಇಡಲ್ಪಡುತ್ತದೆ. ಚಾತುರ್ಮಾಸದಲ್ಲಿ ಸೊಪ್ಪೂ ಬಿಡುವವರಿದ್ದಾರೆ. ನಮ್ಮ ಆಚಾರ ತಿಳಿದವರಾದರೆ ಬಾಣಂತಿಗೆ ಕೊಡುವ ಅಳವಿಯ ಉಂಡಿಯನ್ನು ನೆನಪಿಸುತ್ತಾರೆ. ಕಾಳಿನ ಪಲ್ಯಕ್ಕೆ ಲಿಂಬೆ ಹಿಂಡಿರಿ, ಊಟದ ಜೊತೆ ಚಹಾ ಬೇಡ, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ ಎಂದು ಹೇಳುತ್ತಾರೆ. ಅಷ್ಟರಿಂದ ಸಾಲದಿದ್ದರೆ ಮಾತ್ರೆ ಬೇಕೇ ಬೇಕು ಎಂದೂ ಧೈರ್ಯವಾಗಿ ಹೇಳುತ್ತಾರೆ. ನಿಯಮವನ್ನೂ ವಿಜ್ಞಾನವನ್ನೂ ಬಲ್ಲವರ ಮಾತನ್ನು ಮನೆಯ ಹಿರಿಯರೂ ಕೇಳುತ್ತಾರೆ.

ಶಾಲೆಯ ಊಟದ ವಿಷಯವೂ ಹಾಗೆಯೇ. 2021ರ ಡಿಸೆಂಬರ್‌ನಲ್ಲಿ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಆರಂಭವಾಯಿತು, ಮುಂದೆ ಎಲ್ಲ ಕಡೆ ಬಂತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. ಪರ-ವಿರೋಧದ ಚರ್ಚೆ ಬಹಳ ನಡೆಯಿತು. ಆದರೆ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ ಎಂಬ ಲೆಕ್ಕ ನಮ್ಮಲ್ಲಿ ಎಷ್ಟು ಜನ ಹಾಕಿದರು? 25 ಗ್ರಾಂ ಶೇಂಗಾದಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಆದರೆ ಬಿ12 ಇಲ್ಲ. ಅದಕ್ಕೆ ಹಾಲೇ ಬೇಕು. ಮೊಟ್ಟೆ ತಿನ್ನದ ಮಗುವಿಗೆ ಅಷ್ಟೇ ಸತ್ವದ ಆಹಾರ ಬೇಕೆಂದು ಕೇಳುವುದು ನ್ಯಾಯ. ಕೇಳುವಾಗ ಲೆಕ್ಕ ಕೈಯಲ್ಲಿರಬೇಕು.

ಎಲ್ಲಿ ಓದಬಹುದು?

ಧಾರವಾಡ: ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ಎಂ.ಎಸ್ಸಿ. ಇದೆ. ಕುಡಚಿಯಿಂದ ರೈಲಿನ ನೇರ ಹಾದಿ.

ಬೆಳಗಾವಿ: ಕೆಎಲ್ಇ ಸಂಸ್ಥೆಯ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸ್ (ಎಂಪಿಎಚ್) ಇದೆ. ಇಲ್ಲಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ನಾಲ್ಕು ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಭಾರತದ ಕೇಂದ್ರವಾಗಿತ್ತು. ಗರ್ಭ ಧರಿಸುವ ಮೊದಲೇ ಪೂರಕ ಆಹಾರ ಕೊಟ್ಟರೆ ಏನಾಗುತ್ತದೆ ಎಂದು ನಮ್ಮದೇ ಜಿಲ್ಲೆಯ ಹೆಣ್ಣುಮಕ್ಕಳ ಸಹಕಾರದಿಂದ ನೋಡಲಾಯಿತು. ಪೂರಕ ಆಹಾರ ಪಡೆದ ತಾಯಂದಿರ ಶಿಶುಗಳ ಉದ್ದ ಹುಟ್ಟುವಾಗಲೇ ಉತ್ತಮವಾಗಿತ್ತು ಎಂದು 2019ರಲ್ಲಿ ಪ್ರಕಟವಾಯಿತು.

ಮೈಸೂರು: ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ವಿಭಾಗವಿದೆ.

ಹೈದರಾಬಾದ್: ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) ಈ ಕ್ಷೇತ್ರದ ಹಿರಿಯ ಮನೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ತನಿಖೆಗೆಂದು ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂತು. ಮಕ್ಕಳ ಕುರುಡು ತಡೆಯಲು 1970ರಲ್ಲಿ ದೇಶದಲ್ಲಿ ಆರಂಭವಾದ 'ಎ' ಜೀವಸತ್ವದ ಕಾರ್ಯಕ್ರಮಕ್ಕೆ ಇಲ್ಲಿಯ ಸಂಶೋಧನೆಯೇ ಆಧಾರ. ಇಲ್ಲಿ ಅನ್ವಯಿಕ ಪೋಷಣೆಯ ಎಂ.ಎಸ್ಸಿ. ಇದೆ. ಪ್ರವೇಶ ಪರೀಕ್ಷೆ ಬರೆಯಬೇಕು.

ಮೊದಲೇ ತಿಳಿದಿರಬೇಕಾದದ್ದು

1. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ದಾರಿ ಸುಲಭ. ಯಾವ ಪದವಿಗೆ ಅರ್ಹತೆ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಆ ವರ್ಷದ ಪ್ರಕಟಣೆಯನ್ನೇ ಓದಿರಿ.

2. ಮನೆಯಲ್ಲೇ ಕುಳಿತು ದೂರ ಶಿಕ್ಷಣದಲ್ಲಿ ಮುಗಿಸೋಣ ಎನ್ನಬೇಡಿ. ಆಹಾರ ಮತ್ತು ಪೋಷಣೆ ಸೇರಿದಂತೆ ಆರೋಗ್ಯ ಸಂಬಂಧಿ ಕೋರ್ಸುಗಳನ್ನು ದೂರ ಹಾಗೂ ಆನ್‌ಲೈನ್ ಶಿಕ್ಷಣದಲ್ಲಿ ನಡೆಸಬಾರದೆಂದು ಯುಜಿಸಿ 2025ರಲ್ಲಿ ತೀರ್ಮಾನಿಸಿದೆ.

3. ಹಾಸ್ಟೆಲಿನಲ್ಲಿ ಸೂರ್ಯಾಸ್ತದ ಮೊದಲು ಊಟ ಸಿಗುತ್ತದೆಯೇ, ಇಲ್ಲವಾದರೆ ಹತ್ತಿರ ಏನು ವ್ಯವಸ್ಥೆ ಎಂದು ಪ್ರವೇಶಕ್ಕೆ ಮೊದಲೇ ವಿಚಾರಿಸಿರಿ.

4. ಜೈನರು 2014ರಿಂದ ರಾಷ್ಟ್ರ ಮಟ್ಟದಲ್ಲಿ ಅಲ್ಪಸಂಖ್ಯಾತರ ಪಟ್ಟಿಯಲ್ಲಿದ್ದಾರೆ. ಪ್ರಮಾಣಪತ್ರ ಸಿದ್ಧವಿಟ್ಟುಕೊಂಡು, ಆ ವರ್ಷ ಯಾವ ವಿದ್ಯಾರ್ಥಿವೇತನ ಇದೆ ಎಂದು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿ ಕೇಳಿರಿ.

ಉದ್ಯೋಗ

2021ರ ಕೇಂದ್ರ ಕಾಯ್ದೆಯೊಂದು ಸಾರ್ವಜನಿಕ ಆರೋಗ್ಯ ಪೌಷ್ಟಿಕ ತಜ್ಞರನ್ನು ಆರೋಗ್ಯ ವೃತ್ತಿಪರರ ಪಟ್ಟಿಯಲ್ಲಿ ಹೆಸರಿಸಿದೆ. ಸಂಶೋಧನಾ ಯೋಜನೆಗಳು, ಪೌಷ್ಟಿಕ ಪುನರ್ವಸತಿ ಕೇಂದ್ರಗಳು, ಪೋಷಣ್ ಅಭಿಯಾನ, ಯುನಿಸೆಫ್‌ನಂತಹ ಸಂಸ್ಥೆಗಳು, ಆಹಾರ ಕಂಪನಿಗಳು, ನೆಟ್ ಪಾಸಾದರೆ ಅಧ್ಯಾಪನ ಹೀಗೆ ಹಲವು ದಾರಿಗಳಿವೆ. ಆದರೆ ಮುಚ್ಚಿಡುವುದು ಬೇಡ: ಆರಂಭದ ಕೆಲಸಗಳಲ್ಲಿ ಬಹಳಷ್ಟು ಗುತ್ತಿಗೆಯವು, ಎಂಜಿನಿಯರ್ ಸಂಬಳದ ಜೊತೆ ಹೋಲಿಸಬಾರದು. ಹಳ್ಳಿ ಹಳ್ಳಿ ತಿರುಗುವ ಮನಸ್ಸು ಬೇಕು.

ರೇಷನ್ ಅಂಗಡಿಯ ಸಾರವರ್ಧಿತ ಅಕ್ಕಿ ಬಂದಾಗ ಅದರಲ್ಲಿಯ ಬೇರೆ ಬಣ್ಣದ ಕಾಳು ಪ್ಲಾಸ್ಟಿಕ್ ಎಂದು ಸುದ್ದಿ ಹಬ್ಬಿ, ಹೆಣ್ಣುಮಕ್ಕಳು ಆರಿಸಿ ಚೆಲ್ಲಿದರು. ನೂರು ಕಾಳಿಗೆ ಒಂದರಂತೆ ಬೆರೆಸಿದ ಆ ಕಾಳಿನಲ್ಲಿ ಇದ್ದದ್ದು ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12. ಅವರಿಗೆ ಬೇಕಾದದ್ದೇ ತಿಪ್ಪೆಗೆ ಹೋಯಿತು. ಓಣಿಗೊಬ್ಬ ತಿಳಿದ ಹುಡುಗಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ನಿಮ್ಮ ಮಗಳು ಅಥವಾ ಮಗ ಈ ವಿಷಯ ಓದುತ್ತೇನೆ ಎಂದರೆ ದಯವಿಟ್ಟು ತಡೆಯಬೇಡಿ, ಕಳಿಸಿಕೊಡಿ.